ಬಲಕ್ಕೆ ಬಂಡೆ

ಸೀರೆ ಮೇಲೆ ಸ್ವೆಟರ್. ಕಾಲಿಗೆ ನನ್ನ ಹಳೇ ಸ್ಪೋರ್ಟ್ಸ್ ಶೂ. ತಲೆಗೆ ಅಗಲದ ಹ್ಯಾಟು, ಅದರ ಮೇಲಿಂದ ಕುತ್ತಿಗೆ ತನಕ ಇಳಿಬಿಟ್ಟ ನೊಣದ ಬಲೆ. ಕಾರಿನ ಕನ್ನಡಿಯಲ್ಲಿ ಮುಖ ನೋಡಿಕೊಂಡ ಅಮ್ಮ, "ಜೇನು ಬಿಡಿಸೋಕೆ ಹೊರಟವಳ ಥರ ಇದೀನಿ ಕಣೇ" ಅಂದಳು. ಬಲೆ ಬೇಡ ಅಂತ ತೆಗೆದಿಟ್ಟಳು. ಕಾರಿನಿಂದ ಇಳಿದು ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಮತ್ತೆ ಹಾಕಿಕೊಂಡಳು. ಆಸ್ಟ್ರೇಲಿಯಾದ ನಡುಭಾಗದ ನೊಣಗಳಿಗೆ ನಾಚಿಕೆ ಅನ್ನೋದು ಇಲ್ಲ. ಕಣ್ಣು, ಮೂಗು, ಬಾಯಿ, ಎಲ್ಲಿ ತೇವ ಇದೆಯೋ ಅಲ್ಲಿ ಬಂದು ಕೂರುತ್ತವೆ.

ಅಮ್ಮ ಮೆಲ್ಬರ್ನ್‌ಗೆ ಬಂದು ಎರಡು ತಿಂಗಳಾಗಿತ್ತು. ಮಾಲ್, ಬೀಚು, ದೇವಸ್ಥಾನ ಎಲ್ಲ ಮುಗಿದಿತ್ತು. ಉಲುರು ನೋಡೋಕೆ ಹೋಗೋಣ ಅಂದೆ. ಏನದು ಅಂದಳು. ದೊಡ್ಡ ಬಂಡೆ, ಮರುಭೂಮಿ ಮಧ್ಯ ಇದೆ ಅಂದೆ. ಅಮ್ಮನ ಊರು ಮಧುಗಿರಿ ಹತ್ತಿರ. ಮನೆ ಬಾಗಿಲು ತೆಗೆದರೆ ಎದುರಿಗೆ ಕಾಣೋದೇ ಮಧುಗಿರಿಯ ಏಕಶಿಲಾ ಬೆಟ್ಟ. "ಕಲ್ಲು ನೋಡೋಕೆ ವಿಮಾನದಲ್ಲಿ ಹೋಗ್ಬೇಕಾ? ಅದನ್ನೇ ನೋಡ್ಕೊಂಡು ಅರವತ್ತೈದು ವರ್ಷ ಕಳೆದಿದೀನಿ" ಅಂದಳು. ಟಿಕೆಟ್ ಆಗಲೇ ಬುಕ್ ಆಗಿತ್ತು.

ನನ್ನ ಮಟ್ಟಿಗೆ ಇದು ಎರಡನೇ ಸಲ. ಮೊದಲ ಸಲ 2016ರಲ್ಲಿ ಆಫೀಸಿನ ಗೆಳೆಯರ ಜೊತೆ ಬಂದಿದ್ದೆ. ಆಗ ಬಂದದ್ದು ಹತ್ತೋಕೆ. 1964ರಲ್ಲಿ ಬಂಡೆಗೆ ಗೂಟ ಹೊಡೆದು ಸರಪಳಿ ಹಾಕಿದ್ದರು, ಅದನ್ನ ಹಿಡಕೊಂಡು ಜನ ಹತ್ತುತ್ತಿದ್ದರು. ನೆಲದಿಂದ 348 ಮೀಟರ್. ಹತ್ತುವ ಜಾಗದ ಬುಡದಲ್ಲೇ ಒಂದು ಬೋರ್ಡ್ ಇತ್ತು. ದಯವಿಟ್ಟು ಹತ್ತಬೇಡಿ, ಇದು ನಮ್ಮ ಪವಿತ್ರ ಜಾಗ ಅಂತ ಇಲ್ಲಿನ ಮೂಲ ಜನರಾದ ಆನಂಗು ಕೇಳಿಕೊಂಡಿದ್ದರು. ಅದನ್ನ ಪೂರ್ತಿ ಓದಿದ್ದೆ. ಓದಿ, ನೀರಿನ ಬಾಟಲಿ ಬ್ಯಾಗಿಗೆ ಹಾಕಿ, ಶೂ ಲೇಸ್ ಬಿಗಿ ಮಾಡಿಕೊಂಡಿದ್ದೆ. ಅವತ್ತು ಮೇಲೆ ಗಾಳಿ ಜಾಸ್ತಿ ಅಂತ ದಾರಿ ಮುಚ್ಚಿದ್ದರು. ಎರಡು ಗಂಟೆ ಕಾದು, ಬೈದುಕೊಂಡು ವಾಪಸ್ ಹೋದೆವು. ಅಷ್ಟು ದುಡ್ಡು ಕೊಟ್ಟು ಬಂದದ್ದು ದಂಡ ಅಂತ ಮೆಲ್ಬರ್ನ್ ತಲುಪುವ ತನಕ ಗೊಣಗಿದ್ದೆ.

ಮುಂದಿನ ವರ್ಷ ಉಲುರು ಇರುವ ನ್ಯಾಷನಲ್ ಪಾರ್ಕಿನ ಆಡಳಿತ ಮಂಡಳಿ ಹತ್ತೋದನ್ನ ನಿಲ್ಲಿಸುವ ತೀರ್ಮಾನ ಮಾಡಿತು. 2019ರ ಅಕ್ಟೋಬರ್ 26ರಿಂದ ಪೂರ್ತಿ ಬಂದ್. ಕೊನೆಯ ದಿನಗಳಲ್ಲಿ ಸಾಲುಗಟ್ಟಿ ಹತ್ತುತ್ತಿದ್ದ ಜನರನ್ನ ಟಿವಿಯಲ್ಲಿ ನೋಡಿದೆ. ಹಾಗೆ ಹತ್ತುವವರನ್ನ ಆನಂಗು 'ಮಿಂಗಾ' ಅನ್ನುತ್ತಾರೆ. ಅಂದ್ರೆ ಇರುವೆ. ನಾನು ಉಲುರು ಹತ್ತಿಲ್ಲ ಅಂತ ಈಗ ಯಾರಿಗಾದರೂ ಹೇಳುವಾಗ ದನಿಯಲ್ಲಿ ಸ್ವಲ್ಪ ಜಂಬ ಬರುತ್ತೆ. ತಡೆದದ್ದು ಗಾಳಿ, ನಾನಲ್ಲ ಅನ್ನೋದನ್ನ ಸಾಮಾನ್ಯವಾಗಿ ಹೇಳಲ್ಲ.

ಈ ಸಲ ಬಂದದ್ದು 'ಮಾಲಾ ವಾಕ್'ಗೆ. ಪಾರ್ಕಿನ ರೇಂಜರ್ ಕರೆದುಕೊಂಡು ಹೋಗುವ ಪುಟ್ಟ ನಡಿಗೆ. ಹೋಗಿ ಬರೋದು ಸೇರಿ 2 ಕಿಲೋಮೀಟರ್, ಒಂದೂವರೆ ಗಂಟೆ. ಪಾರ್ಕಿನ ಟಿಕೆಟ್ ತಗೊಂಡಿದ್ದರೆ ಇದಕ್ಕೆ ಬೇರೆ ದುಡ್ಡಿಲ್ಲ. ನೆಲ ಸಮ ಇದೆ, ಅಮ್ಮನ ಮಂಡಿಗೆ ತೊಂದರೆ ಇಲ್ಲ. ಅಷ್ಟೇ ಯೋಚನೆ ಮಾಡಿ ಇದನ್ನ ಆರಿಸಿದ್ದೆ.

ಕಾರಿನಲ್ಲಿ ಬರುವಾಗಲೇ ಬಂಡೆ ಕಂಡಿತ್ತು. ಮಧುಗಿರಿ ಕಡೆ ಒಂದು ಬೆಟ್ಟ ಕಂಡರೆ ಅದರ ಹಿಂದೆ ಇನ್ನೊಂದು ಇರುತ್ತೆ. ಇಲ್ಲಿ ಹಾಗಲ್ಲ. ಕಣ್ಣು ಹಾಯುವಷ್ಟು ದೂರ ಕೆಂಪು ಮಣ್ಣು, ಕುರುಚಲು ಗಿಡ, ಮೊನಚು ಹುಲ್ಲಿನ ಪೊದೆ. ಮಧ್ಯ ಇದೊಂದೇ. ಅಮ್ಮ ತುಂಬಾ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಕೇಳಿದ ಮೊದಲ ಪ್ರಶ್ನೆ: "ಇದರ ಪಹಣಿ ಯಾರ ಹೆಸರಲ್ಲಿದೆ?"

ಬೇರೆ ಯಾವ ಪ್ರವಾಸಿಯೂ ಈ ಪ್ರಶ್ನೆ ಕೇಳಿರಲಿಕ್ಕಿಲ್ಲ. ಆದರೆ ಕೇಳಬೇಕಾದ ಪ್ರಶ್ನೆ ಅದೇ. 1873ರಲ್ಲಿ ವಿಲಿಯಂ ಗೋಸ್ ಅನ್ನೋ ಸರ್ವೇಯರ್ ಇಲ್ಲಿಗೆ ಬಂದ. ದಕ್ಷಿಣ ಆಸ್ಟ್ರೇಲಿಯಾದ ದೊಡ್ಡ ಅಧಿಕಾರಸ್ಥ ಹೆನ್ರಿ ಏಯರ್ಸ್ ಹೆಸರು ಇಟ್ಟು ಇದನ್ನ 'ಏಯರ್ಸ್ ರಾಕ್' ಮಾಡಿದ. ಹೆಸರು ಮೊದಲೇ ಇತ್ತು ಅನ್ನೋದು ಲೆಕ್ಕಕ್ಕೆ ಬರಲಿಲ್ಲ. ಜಾಗ ತಮ್ಮದೇ ಅಂತ ಕಾಗದದ ಮೇಲೆ ಬರೆಸಿಕೊಳ್ಳೋಕೆ ಆನಂಗು 1985ರ ತನಕ ಕಾಯಬೇಕಾಯಿತು. ಆ ವರ್ಷ ಅಕ್ಟೋಬರ್ 26ಕ್ಕೆ ಸರ್ಕಾರ ಹಕ್ಕುಪತ್ರ ಕೊಟ್ಟಿತು. ಕೊಟ್ಟ ಕೈಯಲ್ಲೇ 99 ವರ್ಷಕ್ಕೆ ಗುತ್ತಿಗೆಗೆ ವಾಪಸ್ ತಗೊಂಡಿತು. ನ್ಯಾಷನಲ್ ಪಾರ್ಕ್ ನಡೆಯುತ್ತಿರೋದು ಆ ಗುತ್ತಿಗೆ ಮೇಲೆ. ಹತ್ತೋದು ನಿಲ್ಲಿಸಿದ್ದೂ ಅದೇ ಅಕ್ಟೋಬರ್ 26ಕ್ಕೆ, ಸರಿಯಾಗಿ 34 ವರ್ಷದ ಮೇಲೆ.

"ಪಹಣಿ ಅವರದ್ದು, ಬೇಸಾಯ ಸರ್ಕಾರದ್ದು ಅನ್ನು" ಅಂದಳು ಅಮ್ಮ. ಮಂಡಳಿಯಲ್ಲಿ ಆನಂಗು ಜನರೇ ಜಾಸ್ತಿ ಇದ್ದಾರೆ ಅಂದೆ. "ಹಂಗಾದ್ರೆ ಪರವಾಗಿಲ್ಲ" ಅಂದಳು. ಪೂರ್ತಿ ಒಪ್ಪಿದ ದನಿ ಅಲ್ಲ.

ರೇಂಜರ್ ನಲವತ್ತರ ಆಸುಪಾಸಿನ ಗಂಡಸು. ಆನಂಗು ಅಲ್ಲ. ಅವರ ಒಪ್ಪಿಗೆ ಪಡೆದ ಕಥೆಗಳನ್ನಷ್ಟೇ ಹೇಳ್ತೀನಿ ಅಂತ ಶುರುವಿನಲ್ಲೇ ಹೇಳಿದರು. ಸುಮಾರು ಇಪ್ಪತ್ತು ಜನ ಇದ್ದೆವು. ಎಲ್ಲರಿಗೂ "ಪಾಲ್ಯ" ಅನ್ನೋದು ಕಲಿಸಿದರು. ಇಲ್ಲಿನ ಪಿಟ್ಜಾಂಜಾರಾ ಮಾತಿನಲ್ಲಿ 'ಚೆನ್ನಾಗಿದೆ, ಒಳ್ಳೇದು' ಅಂತ ಅರ್ಥ, ನಮಸ್ಕಾರಕ್ಕೂ ಅದೇ. ಅಮ್ಮ ನನ್ನ ಕಡೆ ತಿರುಗಿ ಬಲೆಯೊಳಗಿಂದ ಕೇಳಿದಳು: "ಪಲ್ಯ ಅಂದ್ರಾ?" ಅಲ್ಲಿಂದ ಮುಂದೆ ಎದುರಿಗೆ ಸಿಕ್ಕವರಿಗೆಲ್ಲ ಅಮ್ಮನ "ಪಲ್ಯ" ಸಿಕ್ಕಿತು. ಎಲ್ಲರೂ ಖುಷಿಯಾಗಿ ವಾಪಸ್ ಹೇಳಿದರು.

ನಡೆಯೋಕೆ ಶುರು ಮಾಡಿ ಐದು ನಿಮಿಷಕ್ಕೆ ಅಮ್ಮ ನನ್ನ ಮೊಣಕೈ ಚಿವುಟಿದಳು. "ಬಲಕ್ಕಿದೆ ನೋಡು."

ಏನು ಬಲಕ್ಕಿದೆ? ಬಂಡೆ. ಪಡುವಣ ಕಡೆಯಿಂದ ಉತ್ತರಕ್ಕೆ ಹೋಗುವ ದಾರಿ ಅದು. ಬಂಡೆ ನಮ್ಮ ಬಲಗೈ ಪಕ್ಕ. ನಾವು ಪ್ರದಕ್ಷಿಣೆ ಹಾಕುತ್ತಿದ್ದೆವು. ಯಾರೂ ಹೇಳಿರಲಿಲ್ಲ. ಅಮ್ಮನ ಕಾಲಿಗೆ ಅದು ತಾನಾಗೇ ಗೊತ್ತಾಗಿತ್ತು.

ದೂರದಿಂದ ನುಣ್ಣಗೆ ಕಾಣುವ ಬಂಡೆ ಹತ್ತಿರ ಹೋದರೆ ಹಾಗಿಲ್ಲ. ಮೈಯೆಲ್ಲ ಹಕ್ಕಳೆ. ಒಣಗಿದ ಗಾಯದ ಸಿಪ್ಪೆ ಥರ ತೆಳ್ಳಗೆ ಎದ್ದಿದೆ. ಕಲ್ಲಿನಲ್ಲಿರುವ ಕಬ್ಬಿಣದ ಅಂಶ ಗಾಳಿ ನೀರಿಗೆ ತುಕ್ಕು ಹಿಡಿದು ಹೊರಗೆ ಕೆಂಪಾಗಿದೆ, ಗುಹೆಗಳ ಒಳಗೆ ನೋಡಿದರೆ ಅಸಲಿ ಬೂದು ಬಣ್ಣ ಕಾಣುತ್ತೆ. ನಮ್ಮ ಮಧುಗಿರಿ ಬೆಟ್ಟದ ಥರ ಇದು ಗ್ರಾನೈಟ್ ಅಲ್ಲ, ಮರಳುಗಲ್ಲು. ಮರಳಿನ ಪದರಗಳು ಮಲಗಿದ್ದವು ಎದ್ದು ನಿಂತಿವೆ. ಆದ್ದರಿಂದಲೇ ಮೈಮೇಲೆ ಉದ್ದುದ್ದ ಗೀರು. ಮಳೆ ಬಂದಾಗ ನೀರು ಹರಿಯುವ ಜಾಗಗಳಲ್ಲಿ ಕಪ್ಪು ಪಟ್ಟೆ. ಅದೆಲ್ಲ ಸರಿ. ಆದರೆ ಹಿಂದೆ ತಿರುಗಿದರೆ ಇನ್ನೊಂದು ಪಟ್ಟೆ ಕಾಣುತ್ತಿತ್ತು, ಬೆಳ್ಳಗೆ, ಬುಡದಿಂದ ಮೇಲಕ್ಕೆ. ಹತ್ತಿದವರ ಹೆಜ್ಜೆ ಸವೆಸಿದ ಗುರುತು. ಸರಪಳಿ ಕಿತ್ತಿದ್ದಾರೆ. ಗುರುತು ಹಾಗೇ ಇದೆ.

ಹತ್ತುವಾಗ 35ಕ್ಕೂ ಹೆಚ್ಚು ಜನ ಸತ್ತಿದ್ದಾರೆ, ಬಿದ್ದು, ಎದೆನೋವು ಬಂದು. ತಮ್ಮ ಜಾಗಕ್ಕೆ ಬಂದವರು ಸತ್ತರೆ ಆ ಸಂಕಟ ತಮ್ಮ ಮೇಲೆ ಬರುತ್ತೆ ಅನ್ನೋದು ಆನಂಗು ನಂಬಿಕೆ ಅಂತ ರೇಂಜರ್ ಹೇಳಿದರು. ಕನ್ನಡದಲ್ಲಿ ಹೇಳಿದೆ. ಅಮ್ಮ, "ಮನೆಗೆ ಬಂದ ನೆಂಟರು ನಮ್ಮ ಬಾವಿಗೆ ಬಿದ್ದಂಗೆ ಅಲ್ವಾ" ಅಂದಳು. ನಾನು ಸುಮ್ಮನಾದೆ. 2016ರ ಬೋರ್ಡ್ ಓದುವಾಗ ಇದು ನನಗೆ ಹೊಳೆದಿರಲಿಲ್ಲ. ಯಾರೋ ನಿಯಮ ಹೇಳ್ತಿದ್ದಾರೆ ಅಂದುಕೊಂಡಿದ್ದೆ.

ಒಂದು ಮರದ ನೆರಳಲ್ಲಿ ರೇಂಜರ್ ಬ್ಯಾಗಿನಿಂದ ಸಾಮಾನು ತೆಗೆದು ಹರಡಿದರು. 'ಪಿಟಿ' ಅನ್ನೋ ಮರದ ಬೋಗುಣಿ. 'ವಾನಾ' ಅನ್ನೋ ಅಗೆಯುವ ಕೋಲು. ಬೀಜ ಅರೆಯುವ ಚಪ್ಪಟೆ ಕಲ್ಲು, ಅದರ ಮೇಲೊಂದು ಗುಂಡುಕಲ್ಲು. ಇಲ್ಲಿನ ಮಲ್ಗಾ ಮರ ನಮ್ಮ ಜಾಲಿಯ ಕುಲದ್ದು, ಅದರ ಬೀಜ ಅರೆದು ರೊಟ್ಟಿ ಥರ ಸುಡುತ್ತಿದ್ದರಂತೆ. ಗಂಡಸರು ಬೇಟೆಗೆ ಹೋದರೂ ದಿನಾ ಹೊಟ್ಟೆ ತುಂಬಿಸುತ್ತಿದ್ದದ್ದು ಹೆಂಗಸರು ತಂದದ್ದೇ ಅಂದರು. ಅಮ್ಮ, "ಅದೇನು ಹೊಸದಾ" ಅಂದಳು.

ಆಮೇಲೆ ಒಂದು ದುಂಡನೆಯ ಬಳೆಯಂಥದ್ದು ಕೈಯಿಂದ ಕೈಗೆ ಬಂತು. 'ಮಂಗುರಿ.' ಕೂದಲು ಹೊಸೆದು ಮಾಡಿದ ಹುರಿಯನ್ನ ಸುತ್ತಿ ಸುತ್ತಿ ಮಾಡಿದ್ದು. ಯಾತಕ್ಕೆ ಹೇಳಿ ಅಂತ ರೇಂಜರ್ ಕೇಳಿದರು. ಯಾರೋ ಒಡವೆ ಅಂದರು. ಇನ್ನೊಬ್ಬರು ಆಟದ ಸಾಮಾನು ಅಂದರು. ಅಮ್ಮನ ಕೈಗೆ ಬಂತು. ಅಮ್ಮ ಒಂದು ಸಲ ಒತ್ತಿ ನೋಡಿದಳು. ಹ್ಯಾಟು, ಬಲೆ ಎರಡನ್ನೂ ತೆಗೆದು ನನ್ನ ಕೈಗೆ ಕೊಟ್ಟು, ಅದನ್ನ ನೆತ್ತಿ ಮೇಲೆ ಇಟ್ಟುಕೊಂಡಳು. ಕೆಳಗಿದ್ದ ಪಿಟಿ ಎತ್ತಿ ಅದರ ಮೇಲೆ ಕೂರಿಸಿದಳು. ಕೈ ಬಿಟ್ಟಳು. ನಾಲ್ಕು ಹೆಜ್ಜೆ ಆ ಕಡೆ ಹೋಗಿ ನಾಲ್ಕು ಹೆಜ್ಜೆ ಈ ಕಡೆ ಬಂದಳು. ಬೋಗುಣಿ ಅಲುಗಲಿಲ್ಲ.

"ಸಿಂಬೆ" ಅಂದಳು ನನಗೆ. "ನಾವು ಹಳೇ ಸೀರೆ ಸುತ್ತಿ ಮಾಡ್ಕೋತಿದ್ವಿ. ಇವರು ಕೂದಲಲ್ಲಿ ಮಾಡ್ಕೊಂಡಿದಾರೆ. ಒಳ್ಳೆ ಹಿಡಿತ ಇದೆ."

ಇಪ್ಪತ್ತು ಜನ ಚಪ್ಪಾಳೆ ಹೊಡೆದರು. ಅಮ್ಮನಿಗೆ ಯಾಕೆ ಅಂತ ಅರ್ಥ ಆಗಲಿಲ್ಲ. ನಲವತ್ತು ವರ್ಷ ದಿನಕ್ಕೆ ಆರು ಸಲ ಬಾವಿಯಿಂದ ನೀರು ಹೊತ್ತಾಗ ಯಾರೂ ಚಪ್ಪಾಳೆ ಹೊಡೆದಿರಲಿಲ್ಲ.

ಇನ್ನು ಕಥೆ. ಮಾಲಾ ಅಂದ್ರೆ ಮೊಲದಷ್ಟೇ ಇರುವ ಒಂದು ಪುಟ್ಟ ಕಾಂಗರೂ ಜಾತಿ. ಅಮ್ಮನ ಕಿವಿಗೆ ಅದು ಮೊದಲಿಂದ ಕೊನೆ ತನಕ 'ಮೊಲ'. ನಾನೂ ತಿದ್ದಲಿಲ್ಲ. ಆದಿಯಲ್ಲಿ ಮಾಲಾ ಜನ ಉತ್ತರದಿಂದ ಉಲುರುಗೆ ಬಂದರು. ಗಂಡಸರು ಮೇಲೆ ಹತ್ತಿ ಒಂದು ಕಂಬ ನೆಟ್ಟರು. ಅವರು ಹತ್ತಿದ ದಾರಿಯೇ ಆಮೇಲೆ ಪ್ರವಾಸಿಗಳು ಸರಪಳಿ ಹಿಡಿದು ಹತ್ತಿದ ದಾರಿ. ಆ ಕಂಬದ ಹೆಸರು 'ಙಲ್ಟವಾಟ'. ಒಂದನೇ ಕ್ಲಾಸಿನಲ್ಲಿ ಕ ಖ ಗ ಘ ಆದ ಮೇಲೆ ಬರೆದು ಬರೆದು ಕಲಿತ ಆ ಅಕ್ಷರವನ್ನ ಪದದ ಮೊದಲಿಗೆ ಬರೆಯುತ್ತಿರೋದು ಜೀವನದಲ್ಲಿ ಇದೇ ಮೊದಲು. ಈ ಜನರ ಮಾತಿನಲ್ಲಿ ಎಷ್ಟೋ ಪದ ಅದರಿಂದಲೇ ಶುರುವಾಗುತ್ತವೆ.

ಕಂಬ ನೆಟ್ಟರೆ ಆಚರಣೆ ಶುರು. ಅಲ್ಲಿಂದ ಮುಂದೆ ಅಡುಗೆ, ಬೇಟೆ, ಎಲ್ಲವೂ ಅದರದೇ ಭಾಗ. ಅಷ್ಟರಲ್ಲಿ ಪಶ್ಚಿಮದಿಂದ ವಿಂಟಲ್ಕಾ ಅನ್ನೋ ಜನರ ಕಡೆಯಿಂದ ಇಬ್ಬರು ಬಂದರು, ನಮ್ಮಲ್ಲೂ ಆಚರಣೆ ಇದೆ ಬನ್ನಿ ಅಂತ ಕರೆಯೋಕೆ. ಮಾಲಾ ಜನ ಬರಲ್ಲ ಅಂದರು. ಶುರುವಾಗಿದೆ, ಅರ್ಧಕ್ಕೆ ಬಿಡೋ ಹಾಗಿಲ್ಲ. ಕರೆಯೋಕೆ ಬಂದವರಿಗೆ ಅವಮಾನ ಆಯಿತು. ಸಿಟ್ಟಿನಲ್ಲಿ 'ಕುರ್ಪನಿ' ಅನ್ನೋ ದೆವ್ವದಂಥ ನಾಯಿಯನ್ನ ಮಾಡಿ ಕಳಿಸಿದರು. ಮಿಂಚುಳ್ಳಿ ಹೆಂಗಸು ಲೂನ್ಪಾ ಕೂಗಿ ಎಚ್ಚರಿಸಿದಳು. ಯಾರೂ ಕೇಳಲಿಲ್ಲ. ನಾಯಿ ಬಂತು, ಕೆಲವರು ಸತ್ತರು, ಉಳಿದವರು ದಕ್ಷಿಣಕ್ಕೆ ಓಡಿದರು.

ನಮ್ಮ ಗುಂಪಿನಲ್ಲಿ ಒಬ್ಬರು ಕೇಳಿದರು: ಒಂದು ಸಲ ಬರಲ್ಲ ಅಂದಿದ್ದಕ್ಕೆ ಇಷ್ಟೊಂದು ಸಿಟ್ಟಾ? ನಾನು ಅದನ್ನ ಕನ್ನಡಕ್ಕೆ ತಂದು ಹೇಳಿದೆ. ಅಮ್ಮನಿಗೆ ಆ ಪ್ರಶ್ನೆಯೇ ವಿಚಿತ್ರ ಅನಿಸಿತು. "ಕರೆಯೋಕೆ ಬಂದವರನ್ನ ಹಂಗೇ ಕಳಿಸಿದರೆ ಸಿಟ್ಟು ಬರಲ್ವಾ? ಆದ್ರೆ ಇವರು ತಾನೆ ಏನು ಮಾಡ್ತಾರೆ? ಮಾರಮ್ಮನ ಹಬ್ಬ ಸಾರು ಹಾಕಿದ ಮೇಲೆ ನಾವು ಊರು ಬಿಟ್ಟು ಹೋಗ್ತೀವಾ? ನಿಮ್ಮ ದೊಡ್ಡತ್ತೆ ಮಗಳ ಮದುವೆಗೆ ನಾನು ಹೋಗಲಿಲ್ಲ ಅಂತ ಇವತ್ತಿಗೂ ಅವಳು ನನ್ನ ಜೊತೆ ನೆಟ್ಟಗೆ ಮಾತಾಡಲ್ಲ. ಹಬ್ಬ ಸಾರಿತ್ತು. ಹೆಂಗೆ ಹೋಗಲಿ?"

ದೊಡ್ಡತ್ತೆ ಮಾತು ಬಿಟ್ಟ ಕಾರಣ ನನಗೆ ಗೊತ್ತಾದದ್ದು ಹೀಗೆ, ಉಲುರು ಬುಡದಲ್ಲಿ.

ಈ ಕಥೆ ಅನ್ನೋ ಪದವೇ ಸರಿಯಲ್ಲ ಅಂತ ರೇಂಜರ್ ಹೇಳಿದರು. ಇದು 'ಚುಕುರ್ಪ'. ಇಂಗ್ಲಿಷಿನಲ್ಲಿ ಹಿಂದೆ ಇದನ್ನ ಕನಸು ಅನ್ನೋ ಅರ್ಥದ ಮಾತಿನಿಂದ ಕರೆಯುತ್ತಿದ್ದರು, ಆನಂಗು ಅದನ್ನ ಒಪ್ಪಲ್ಲ. ಲೋಕ ಹೇಗಾಯಿತು, ಯಾರಿಗೆ ಯಾರು ಏನಾಗಬೇಕು, ಯಾವ ಗಿಡ ಯಾವಾಗ ಕೀಳಬೇಕು, ತಪ್ಪಿದರೆ ಏನು ಶಿಕ್ಷೆ, ಎಲ್ಲವೂ ಅದರಲ್ಲೇ ಇದೆ. ಅಮ್ಮನಿಗೆ ಹೇಗೆ ಹೇಳಲಿ? ಪುರಾಣ ಅಂದೆ. ಅಲ್ಲ ಅನಿಸಿತು. ಧರ್ಮ ಅಂದೆ, ಕಾನೂನು ಅಂದೆ. ಎರಡೂ ಕುಂಟಿದವು. ಎಲ್ಲ ಕೇಳಿಸಿಕೊಂಡ ಅಮ್ಮ, "ಕಟ್ಟಳೆ ಅನ್ನು, ಸಾಕು" ಅಂದಳು. ನನಗೆ ಅದಕ್ಕಿಂತ ಒಳ್ಳೆ ಪದ ಇನ್ನೂ ಸಿಕ್ಕಿಲ್ಲ.

ದಾರಿಯುದ್ದಕ್ಕೂ ಗುಹೆಗಳು. ಅಜ್ಜಂದಿರ ಗುಹೆ, ಹೆಂಗಸರ ಅಡುಗೆ ಗುಹೆ, ಹುಡುಗರಿಗೆ ಪಾಠ ಹೇಳುವ ಗುಹೆ. ಪಾಠದ ಗುಹೆಯ ಗೋಡೆ ತುಂಬ ಚಿತ್ರ, ಒಂದರ ಮೇಲೊಂದು, ಒರೆಸದೆ ಬರೆದ ಕಪ್ಪು ಹಲಗೆ ಥರ. ನೀರು ಎಲ್ಲಿ ಸಿಗುತ್ತೆ, ಪ್ರಾಣಿ ಯಾವ ಕಡೆಯಿಂದ ಬರುತ್ತೆ ಅಂತ ಹಿರಿಯರು ಇಲ್ಲೇ ಕೂರಿಸಿ ಹೇಳುತ್ತಿದ್ದರು. ಚಿತ್ರ ಮಾಸಿದೆ. ವಯಸ್ಸಷ್ಟೇ ಕಾರಣ ಅಲ್ಲ. ಹಿಂದೆ ಪ್ರವಾಸಿ ಗೈಡ್‌ಗಳು ಫೋಟೋದಲ್ಲಿ ಬಣ್ಣ ಚೆನ್ನಾಗಿ ಬರಲಿ ಅಂತ ಚಿತ್ರಗಳ ಮೇಲೆ ನೀರು ಎರಚುತ್ತಿದ್ದರಂತೆ.

ಅಲ್ಲಿಂದ ಮುಂದೆ 'ಮಾಲಾ ಪುಟಾ' ಅನ್ನೋ ಜಾಗ. ಹೆಣ್ಣು ಮಾಲಾದ ಹೊಟ್ಟೆಯ ಚೀಲ ಅಂತ ಅರ್ಥ. ಇಲ್ಲಿ ಫೋಟೋ ತೆಗೆಯಬೇಡಿ ಅಂತ ಬೋರ್ಡ್ ಇದೆ. ಎಲ್ಲರೂ ಫೋನ್ ಇಳಿಸಿದರು. ರೇಂಜರ್ ಕೂಡ ಅಲ್ಲಿ ನಿಲ್ಲಲಿಲ್ಲ. ಒಂದೆರಡು ಮಾತು ಹೇಳಿ ಮುಂದೆ ನಡೆದರು. ನನಗೆ ತಡೆಯಲಾಗಲಿಲ್ಲ. ಇನ್ನೂ ಏನಿದೆ ಇಲ್ಲಿ ಅಂತ ಕೇಳಿದೆ.

ಅವರು ಹೇಳಿದ್ದು ಇಷ್ಟು: ನಿಮಗೆ ಇವತ್ತು ಹೇಳಿದ್ದು ಆನಂಗು ಮಕ್ಕಳಿಗೆ ಹೇಳುವಷ್ಟು. ದೊಡ್ಡವರಾಗುತ್ತಾ ಅವರಿಗೆ ಜಾಸ್ತಿ ತಿಳಿಸುತ್ತಾರೆ. ಗಂಡಸರಿಗೆ ಗಂಡಸರದ್ದು, ಹೆಂಗಸರಿಗೆ ಹೆಂಗಸರದ್ದು. ನಾನು ಇಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದೀನಿ. ನನಗೂ ಮಕ್ಕಳ ಕಥೆಯೇ ಗೊತ್ತಿರೋದು.

ಹಾಗಾದರೆ ನಾವು ಹೆಂಗಸರಲ್ವಾ, ಹೆಂಗಸರದ್ದು ನಮಗೆ ಹೇಳಬಹುದಲ್ಲ ಅಂತ ನನ್ನ ಬಾಯಿಗೆ ಬಂದೇಬಿಟ್ಟಿತ್ತು. ಅಮ್ಮ ಮತ್ತೆ ಮೊಣಕೈ ಚಿವುಟಿದಳು. ಅವಳಿಗೆ ಇಂಗ್ಲಿಷ್ ಬರಲ್ಲ. ನನ್ನ ಮುಖ ಓದೋಕೆ ಬರುತ್ತೆ.

ಸಿಟ್ಟು ಬಂತು ಅಂತ ಒಪ್ಪಿಕೊಳ್ತೀನಿ. ಸಿಟ್ಟು ಅಂದರೆ ಜಾಸ್ತಿ ಆಯಿತು, ಕಸಿವಿಸಿ. ಏನೇ ಅನುಮಾನ ಬಂದರೂ ಫೋನ್ ತೆಗೆದು ಹುಡುಕಿ ತಿಳಿದುಕೊಳ್ಳುವ ಅಭ್ಯಾಸ ನನ್ನದು. ಗೊತ್ತಿಲ್ಲ ಅನ್ನೋದು ಸರಿ, ಹುಡುಕಿದರೆ ಆಯಿತು. ನಿನಗೆ ಗೊತ್ತಾಗಬೇಕಿಲ್ಲ ಅಂದರೆ? ಅಮ್ಮನಿಗೆ ಇದು ಒಂಚೂರೂ ಚುಚ್ಚಲಿಲ್ಲ. "ಗರ್ಭಗುಡಿ ಒಳಗೆ ನಾವು ಹೋಗ್ತೀವಾ? ಹೊರಗೆ ನಿಂತು ಕೈ ಮುಗಿಯಲ್ವಾ?" ಅಂದಳು. ಅದು ಬೇರೆ, ಇದು ಬೇರೆ ಅಂದೆ. ಯಾಕೆ ಬೇರೆ ಅಂತ ಹೇಳೋಕೆ ಹೋದರೆ ಮಾತು ಸಿಗಲಿಲ್ಲ. ಗರ್ಭಗುಡಿಗೆ ಯಾರು ಹೋಗಬಹುದು, ಯಾರು ಹೋಗಬಾರದು ಅನ್ನೋದರ ಬಗ್ಗೆ ನನಗೆ ಬೇರೆಯೇ ತಕರಾರುಗಳಿವೆ. ಅವನ್ನ ಅಲ್ಲಿ ನಿಂತು ತೆಗೆಯುವ ಹಾಗಿರಲಿಲ್ಲ.

ನಮ್ಮ ಮನೆಯಲ್ಲೂ ಒಂದು ದೇವರ ಪೆಟ್ಟಿಗೆ ಇದೆ. ವರ್ಷಕ್ಕೆ ಒಂದೇ ದಿನ ತೆಗೆಯೋದು, ಹಿರೀ ಸೊಸೆ ಮಾತ್ರ. ಅಜ್ಜಿ ಇರುವ ತನಕ ಅಜ್ಜಿ, ಆಮೇಲೆ ಅಮ್ಮ. ಹತ್ತು ವರ್ಷದವಳಿದ್ದಾಗ ಒಳಗೇನಿದೆ ಅಂತ ಕೇಳಿ ಬೆನ್ನಿಗೆ ಒಂದು ಗುದ್ದು ತಿಂದಿದ್ದೆ.

ದಾರಿ ಮುಗಿಯೋದು ಕಾಂಜು ಕಣಿವೆಯಲ್ಲಿ. ಎರಡೂ ಕಡೆ ಬಂಡೆ ಎದ್ದು ನಿಂತು ಸಂದು ಮಾಡಿದೆ. ಮಳೆ ಬಂದರೆ ಮೇಲಿಂದ ನೀರು ಧುಮುಕಿ ಕೆಳಗೆ ಗುಂಡಿ ತುಂಬುತ್ತಂತೆ. ನಾವು ಹೋದಾಗ ಗುಂಡಿಯ ತಳದಲ್ಲಿ ಒಂದಿಷ್ಟು ಹಸಿ ಮಣ್ಣು. ಅಷ್ಟಕ್ಕೇ ತಂಪು ಇತ್ತು, ನೊಣ ಕಮ್ಮಿ ಇತ್ತು. ರೇಂಜರ್ ಎರಡು ನಿಮಿಷ ಯಾರೂ ಮಾತಾಡಬೇಡಿ ಅಂದರು. ಇಪ್ಪತ್ತು ಜನ ನಿಂತೆವು. ಅಮ್ಮ ಶೂ ಬಿಚ್ಚಿ ಪಕ್ಕಕ್ಕಿಟ್ಟು, ಕಾಲುಚೀಲದಲ್ಲೇ ನಿಂತಿದ್ದಳು.

ಈಗ ಮಾಲಾಗಳು ಎಲ್ಲಿವೆ ಅಂತ ಒಂದು ಮಗು ಕೇಳಿತು. ಬೆಕ್ಕು, ನರಿ, ಕಾಡ್ಗಿಚ್ಚು ಸೇರಿ ಈ ಸೀಮೆಯಲ್ಲಿ ಅವು ಇಲ್ಲವಾದವು. 2005ರಲ್ಲಿ 24 ಮಾಲಾಗಳನ್ನ ತಂದು ಪಾರ್ಕಿನ ಒಳಗೇ ಬೇಲಿ ಹಾಕಿದ ಜಾಗದಲ್ಲಿ ಬಿಟ್ಟರು. ಅಲ್ಲಿ ಹೆಚ್ಚುತ್ತಾ ಇವೆ. ಅವು ವಾಪಸ್ ಬಂದ ದಿನ ಆನಂಗು ಹಿರಿಯರಿಗೆ ಹೇಗನಿಸಿರಬಹುದು ಅಂತ ಯೋಚಿಸಿದೆ. ಓಡಿಹೋದವರು ತಿರುಗಿ ಬಂದ ಹಾಗೆ. ಬೇಲಿ ಇಲ್ಲದಿದ್ದರೆ ನಾಯಿ ಬಿಡಲ್ಲ, ಅಷ್ಟೇ.

ವಾಪಸ್ ಬರುವಾಗ ಅದೇ ದಾರಿ. ಅಮ್ಮನ ಮುಖ ಸಪ್ಪಗಿತ್ತು. ಮಂಡಿ ನೋವಾ ಅಂದೆ. "ಎಡಕ್ಕೆ ಬಂತಲ್ಲೇ" ಅಂದಳು. ಹೋಗುವಾಗ ಸುತ್ತಿದ್ದೆಲ್ಲ ಬರುವಾಗ ಬಿಚ್ಚಿದ ಹಾಗೆ ಆಯಿತು ಅನ್ನೋದು ಅವಳ ಲೆಕ್ಕ. ಪೂರ್ತಿ ಒಂದು ಸುತ್ತು ನಡೆಯೋಕೆ ಹತ್ತೂವರೆ ಕಿಲೋಮೀಟರ್ ಆಗುತ್ತೆ, ನಿನ್ನ ಕೈಲಾಗಲ್ಲ ಅಂದೆ. ಕಾರು ಹೋಗಲ್ವಾ ಅಂದಳು.

ಹೋಗುತ್ತೆ. ಬಂಡೆಯ ಸುತ್ತ ಟಾರು ರಸ್ತೆ ಇದೆ. ಬಾಡಿಗೆ ಕಾರಿನಲ್ಲಿ, ಬಲಕ್ಕೆ ಉಲುರು ಇಟ್ಟುಕೊಂಡು ನಿಧಾನಕ್ಕೆ ಹೊರಟೆವು. ಅಮ್ಮ ಹ್ಯಾಟು ತೆಗೆದು ಸೆರಗು ಹೊದ್ದು ಕೂತಿದ್ದಳು. ಕಾಲಿಂದ ಶೂ ಆಗಲೇ ಹೋಗಿತ್ತು. ಹೊತ್ತು ಏರಿದಂತೆ ಬಂಡೆಯ ಬಣ್ಣ ತೆಳುವಾಗುತ್ತಿತ್ತು, ಒಂದೊಂದು ತಿರುವಿಗೂ ಬೇರೆ ಆಕಾರ. ಅರ್ಧ ಸುತ್ತು ಆಗಿರಬೇಕು. ಸಮಯ ನೋಡಿ ಮೆಲ್ಲಗೆ ಕೇಳಿದೆ.

"ಅಮ್ಮಾ, ಆ ದೇವರ ಪೆಟ್ಟಿಗೆಯಲ್ಲಿ ಏನಿದೆ?"

ಅಮ್ಮ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

"ಮುಂದೆ ಫೋಟೋ ಬೇಡ ಅನ್ನೋ ಬೋರ್ಡ್ ಬಂತು ನೋಡು" ಅಂದಳು. "ಮೊಬೈಲ್ ಒಳಗಿಡು."